ಹಳೇ ಡೀಸೆಲ್ ಪಿಕಪ್: ಕಾಲು ತೆಗೆದರೂ ರೇಸ್ ಇಳಿಯಲ್ಲ, ಘಟ್ಟದಲ್ಲಿ ಇನ್ನೂ ಜಾಸ್ತಿ. ಪಂಪ್ ಬಿಚ್ಚಿಸಬೇಕಾ?

ತದಡಿ ಪಿಕಪ್

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಡೀಸೆಲ್ ಪಿಕಪ್. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇದೆ, ಕಾಮನ್ ರೈಲ್ (ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡುವ ಹೊಸ ಮಾದರಿ) ಅಲ್ಲ. ಎಕ್ಸಲೇಟರ್‌ನಿಂದ ಡೀಸೆಲ್ ಪಂಪಿಗೆ ಕೇಬಲ್ ಹೋಗುವ ಗಾಡಿ. ತದಡಿ ಬಂದರಿನಿಂದ ಮೀನು ತುಂಬಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವುದು ನನ್ನ ಕೆಲಸ.

ಜೂನ್, ಜುಲೈ ಮೀನುಗಾರಿಕೆ ಬಂದ್ ಇದ್ದಾಗ ಗಾಡಿ ಮನೆ ಪಕ್ಕ ತಗಡಿನ ಮಾಡಿನ ಕೆಳಗೆ ನಿಂತಿತ್ತು. ಆಗಸ್ಟ್‌ನಲ್ಲಿ ಮತ್ತೆ ಓಡಿಸಲು ಶುರು ಮಾಡಿದ ಮೇಲೆ ಈ ತೊಂದರೆ. ಗೇರ್ ಬದಲಿಸಲು ಕಾಲು ತೆಗೆದು ಕ್ಲಚ್ ಒತ್ತಿದರೆ ಎಂಜಿನ್ ಕೂಗುತ್ತಲೇ ಇರುತ್ತದೆ. ರೇಸ್ ಬೇಗ ಇಳಿಯುವುದಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಅಷ್ಟಾಗಿ ಗೊತ್ತಾಗಲ್ಲ. ಘಟ್ಟದ ಬುಡ ದಾಟಿ ಎಂಜಿನ್ ಬಿಸಿಯಾದ ಮೇಲೆ ಜಾಸ್ತಿ. ಒಮ್ಮೊಮ್ಮೆ ಪೆಡಲ್ ಅಡಿಗೆ ಬೂಟಿನ ತುದಿ ಹಾಕಿ ಮೇಲೆತ್ತಬೇಕು.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಬಾನೆಟ್ ಎತ್ತಿ ನೋಡಿ, ಪಂಪ್ ಇಳಿಸಿ ಪೂರ್ತಿ ಕೆಲಸ ಮಾಡಿಸಬೇಕು ಅಂದರು. ದೊಡ್ಡ ಖರ್ಚು. ಅದಕ್ಕೆ ಮೊದಲು ಇಲ್ಲಿ ಕೇಳೋಣ ಅಂತ ಬರೆದೆ.

ಬೈತಖೋಲ್ ಡ್ರೈವರ್

ಅಣ್ಣ, ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿರುತ್ತೆ. ಕ್ಲೀನರ್ ಸ್ಪ್ರೇ ಹೊಡೆದು ತೊಳೆಸಿ. ನನ್ನ ಅಳಿಯನ ಕಾರಿಗೆ ಹಾಗೇ ಆಗಿತ್ತು, ಸರಿ ಹೋಯಿತು.

ಶಿರಸಿ ಗ್ಯಾರೇಜ್

ಬೈತಖೋಲ್ ಅಣ್ಣ, ಅದು ಪೆಟ್ರೋಲ್ ಕಾರಿನ ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಎಕ್ಸಲೇಟರ್ ಒತ್ತಿದರೆ ಗಾಳಿ ಹೋಗುವ ದಾರಿಯ ಬಿಲ್ಲೆ ತೆರೆಯುತ್ತದೆ. ಆ ಬಿಲ್ಲೆ ಜಿಡ್ಡು ಹಿಡಿದರೆ ಅಂಟುತ್ತದೆ. ಇವರ ಮಾದರಿಯ ಡೀಸೆಲ್‌ನಲ್ಲಿ ಗಾಳಿಗೆ ತಡೆಯೇ ಇಲ್ಲ. ಎಂಜಿನ್ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳುತ್ತದೆ. ಎಕ್ಸಲೇಟರ್ ಹೆಚ್ಚು ಕಡಿಮೆ ಮಾಡುವುದು ಡೀಸೆಲ್ಲನ್ನು ಮಾತ್ರ. ಕೇಬಲ್ ಪಂಪಿನ ಮೇಲಿನ ಲಿವರ್ ಎಳೆಯುತ್ತದೆ, ಲಿವರ್ ಪಂಪಿನೊಳಗಿನ ಗವರ್ನರ್‌ಗೆ (ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ) ಹೇಳುತ್ತದೆ, ಗವರ್ನರ್ ಡೀಸೆಲ್ ಬಿಡುತ್ತದೆ. ತೊಳೆಯಲು ಅಲ್ಲಿ ಥ್ರಾಟಲ್ ಬಾಡಿ ಸಿಗಲ್ಲ.

ತದಡಿಯವರೇ, ಪಂಪ್ ಈಗಲೇ ಇಳಿಸಬೇಡಿ. ನಿಮ್ಮ ಕಾಲಿನಿಂದ ಪಂಪಿನವರೆಗೆ ಮೂರು ಭಾಗ ಇದೆ. ಪೆಡಲ್, ಕೇಬಲ್, ಪಂಪಿನ ಲಿವರ್. ಮೂರನ್ನೂ ಬಿಡಿಸಿ ಒಂದೊಂದನ್ನೇ ಕೈಯಲ್ಲಿ ಆಡಿಸಿ ನೋಡಿದರೆ ಯಾವುದು ಹಿಡಿಯುತ್ತಿದೆ ಅಂತ ಅದೇ ಹೇಳುತ್ತದೆ. ಅದನ್ನು ಮಾಡದೆ ಪಂಪ್ ಕೆಲಸ ಅಂತ ಯಾರು ಹೇಳಿದರೂ ಒಪ್ಪಬೇಡಿ.

ಮೊದಲು ಇದು ಹೇಳಿ: ರೇಸ್ ಇಳಿಯದೆ ಇರುವಾಗ ಪೆಡಲ್ ಕೆಳಗೇ ಉಳಿಯುತ್ತಾ, ಅಥವಾ ಮೇಲೆ ಬಂದಿದ್ದರೂ ರೇಸ್ ಇರುತ್ತಾ?

ತದಡಿ ಪಿಕಪ್

ಎರಡೂ ಆಗುತ್ತೆ ಸರ್. ಹೆಚ್ಚಾಗಿ ಪೆಡಲ್ ಅರ್ಧದಲ್ಲಿ ನಿಂತು ನಿಧಾನ ಮೇಲೆ ಬರುತ್ತೆ. ಆದರೆ ಘಟ್ಟದಲ್ಲಿ ಒಂದು ಎರಡನೇ ಗೇರಿನಲ್ಲಿ ಎಳೆಯುವಾಗ ಪೆಡಲ್ ಮೇಲೆ ಇದ್ದರೂ ಎಂಜಿನ್ ತಾನೇ ಎಳೆದ ಹಾಗೆ ಅನಿಸುತ್ತೆ.

ಶಿರಸಿ ಗ್ಯಾರೇಜ್

ಆ ಎರಡನೇ ಮಾತು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ. ಎರಡು ತೊಂದರೆ ಒಟ್ಟಿಗೆ ಇರುವ ಹಾಗಿದೆ.

ಹೊನ್ನಾವರ ಮಂಕಿ

ಮಳೆಗಾಲದಲ್ಲಿ ಕಾಲಿನ ಕೆಳಗೆ ಗೋಣಿಚೀಲ ಹಾಕಿದ್ದೀರಾ? ನಾವೆಲ್ಲ ಹಾಕುತ್ತೇವೆ, ಕೆಸರು ಒರೆಸಲು. ಅದು ಒದ್ದೆಯಾಗಿ ಉಂಡೆ ಕಟ್ಟಿ ಪೆಡಲ್ ಹಿಂದೆ ಸೇರಿಕೊಳ್ಳುತ್ತದೆ. ಕೇಬಲ್ ಬಿಚ್ಚುವ ಮೊದಲು ಅದನ್ನು ತೆಗೆದು ಹೊರಗೆ ಹಾಕಿ.

ಶಿರಸಿ ಗ್ಯಾರೇಜ್

ಸರಿಯಾದ ಮಾತು. ದಪ್ಪ ರಬ್ಬರ್ ಮ್ಯಾಟ್ ಮೇಲೆ ಇನ್ನೊಂದು ಮ್ಯಾಟ್ ಹಾಕಿದರೂ ಇದೇ ಕಥೆ. ನಾನು ಗಾಡಿಗೆ ಕೈ ಹಾಕುವ ಮೊದಲು ಮ್ಯಾಟ್ ತೆಗೆಸುತ್ತೇನೆ.

ಈಗ ಪರೀಕ್ಷೆ. ಎಂಜಿನ್ ಬಂದ್ ಮಾಡಿ, ತಣ್ಣಗಾಗಲಿ. ಬಾನೆಟ್ ಎತ್ತಿ, ಪಂಪಿನ ಲಿವರ್‌ಗೆ ಕೇಬಲ್ ಸಿಕ್ಕಿಸಿರುವ ಕಡೆ ಕೇಬಲ್ ತುದಿ ಬಿಡಿಸಿ. ಹೊರಗಿನ ಸ್ಪ್ರಿಂಗ್ ಹಾಗೇ ಇರಲಿ. ಲಿವರನ್ನು ಕೈಯಿಂದ ಪೂರ್ತಿ ಎಳೆದು ಬಿಡಿ. ಟಕ್ ಅಂತ ಐಡಲ್ ಸ್ಕ್ರೂಗೆ (ಕಾಲು ತೆಗೆದಾಗ ಲಿವರ್ ಬಂದು ನಿಲ್ಲುವ ತಡೆ) ಬಂದು ಬಡಿಯಬೇಕು. ನಿಧಾನ ಬಂದರೆ, ಅಥವಾ ನಡುವೆ ನಿಂತರೆ, ಲಿವರಿನ ಶಾಫ್ಟ್ ಬಿಗಿಯಾಗಿದೆ. ಅಲ್ಲಿ ಡೀಸೆಲ್ ಜಿನುಗಿ ಧೂಳು ಕೂತು ಗಟ್ಟಿಯಾಗುವುದುಂಟು. ಸ್ಪ್ರಿಂಗ್ ಸಡಿಲಾಗಿದ್ದರೂ ಹಾಗೇ ಆಗುತ್ತದೆ.

ಲಿವರ್ ಸರಿ ಇದ್ದರೆ ಕೇಬಲ್ ಬಿಡಿಸಿಟ್ಟೇ ಎಂಜಿನ್ ಚಾಲು ಮಾಡಿ. ಲಿವರ್ ಕೈಯಲ್ಲಿ ಸ್ವಲ್ಪ ಎಳೆದು ಬಿಡಿ. ಲಿವರ್ ಸ್ಕ್ರೂಗೆ ತಾಗಿದ ಕೂಡಲೇ ರೇಸ್ ಇಳಿದರೆ ಪಂಪ್ ಒಳಗೆ ಏನೂ ಆಗಿಲ್ಲ. ಲಿವರ್ ತಾಗಿ ನಿಂತ ಮೇಲೂ ರೇಸ್ ಇಳಿಯದಿದ್ದರೆ ಮಾತ್ರ ಗವರ್ನರ್ ಅಥವಾ ಒಳಗಿನ ಕೆಲಸದ ಮಾತು ಬರುತ್ತದೆ. ಫ್ಯಾನ್ ಬೆಲ್ಟ್ ಹತ್ತಿರ ಕೈ, ಅಂಗಿ ತೋಳು, ಕೊರಳ ಟವೆಲ್ ಹೋಗದ ಹಾಗೆ ನೋಡಿಕೊಳ್ಳಿ.

ಪಂಪಿನ ಮೇಲೆ ಬಣ್ಣದ ಗುರುತೋ ಸೀಲೋ ಇರುವ ಸ್ಕ್ರೂ ಇರುತ್ತದೆ. ಅದನ್ನು ಮುಟ್ಟಲೇಬೇಡಿ.

ಅಂಕೋಲಾ ಮಾವು

ಒಂದು ವಿಷಯ ಕೇಳಬೇಕಿತ್ತು. ಪರೀಕ್ಷೆ ಎಲ್ಲ ನಿಂತ ಗಾಡಿಗೆ ಸರಿ. ಅರಬೈಲ್ ಘಟ್ಟದಲ್ಲಿ ಲೋಡ್ ಇದ್ದಾಗ ನಿಜವಾಗಿ ಎಕ್ಸಲೇಟರ್ ಸಿಕ್ಕಿಕೊಂಡರೆ ಏನು ಮಾಡುವುದು? ಕೀ ಆಫ್ ಮಾಡಿಬಿಡಬೇಕಾ?

ಶಿರಸಿ ಗ್ಯಾರೇಜ್

ಮೊದಲ ಕೆಲಸ ಕೀ ಅಲ್ಲ. ಕ್ಲಚ್ ಪೂರ್ತಿ ಒತ್ತಿ. ಎಂಜಿನ್ ಜೋರಾಗಿ ಕೂಗುತ್ತದೆ, ಹೆದರಬೇಡಿ, ಗವರ್ನರ್ ಒಂದು ಮಿತಿ ದಾಟಲು ಬಿಡುವುದಿಲ್ಲ. ಗೇರ್ ನ್ಯೂಟ್ರಲ್ ಮಾಡಿ. ಬ್ರೇಕ್ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಗಾಡಿ ಬದಿಗೆ ನಿಲ್ಲಿಸಿ. ನಿಂತ ಮೇಲೆ ಕೀ ಆಫ್ ಮಾಡಿ.

ಯಾಕೆ ಅಂದರೆ, ಡೀಸೆಲ್ ಗಾಡಿಯಲ್ಲಿ ಬ್ರೇಕ್ ಬೂಸ್ಟರ್‌ಗೆ (ಬ್ರೇಕ್ ಒತ್ತುವಾಗ ಕಾಲಿಗೆ ಬಲ ಸೇರಿಸುವ ಡಬ್ಬಿ) ಬೇಕಾದ ವ್ಯಾಕ್ಯೂಮ್ ಕೊಡುವುದು ಎಂಜಿನ್ ತಿರುಗಿಸುವ ಪಂಪ್. ಬಹಳ ಗಾಡಿಗಳಲ್ಲಿ ಅದು ಆಲ್ಟರ್‌ನೇಟರ್ ಹಿಂದೆ ಇರುತ್ತದೆ. ಎಂಜಿನ್ ನಿಂತರೆ ಬೂಸ್ಟರ್‌ನಲ್ಲಿ ಉಳಿದಿರುವ ವ್ಯಾಕ್ಯೂಮ್ ಕೆಲವೇ ಸಲದ ಬ್ರೇಕಿಗೆ ಸಾಕಾಗುತ್ತದೆ. ಬ್ರೇಕ್ ಮತ್ತೆ ಮತ್ತೆ ಒತ್ತಿ ಬಿಟ್ಟರೆ ಅದೂ ಖಾಲಿ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಭಾರ. ಗಾಡಿ ಓಡುತ್ತಿರುವಾಗ ಕೀ ಹೊರಗೆ ಎಳೆದರೆ ಸ್ಟೇರಿಂಗ್ ಲಾಕ್ ಬೀಳಬಹುದು. ಘಟ್ಟದ ತಿರುವಿನಲ್ಲಿ ಇದೆಲ್ಲ ಪ್ರಾಣಕ್ಕೆ ಬರುತ್ತದೆ.

ತದಡಿಯವರೇ, ಇದು ಸರಿ ಆಗುವವರೆಗೆ ಲೋಡ್ ಹಾಕಿಕೊಂಡು ಘಟ್ಟ ಹತ್ತಬೇಡಿ. ಬಾಡಿಗೆ ಬೇರೆ ಗಾಡಿಗೆ ಕೊಡಿ. ಕೈ ಮುಗಿದು ಹೇಳುತ್ತೇನೆ.

ಕಾರವಾರ ಕೋಡಿಬಾಗ

ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದೆ ಓಡುವುದನ್ನು ನಾನು ನೋಡಿದ್ದೇನೆ. ಬಿನಗಾ ಹತ್ತಿರ ಒಂದು ಗಾಡಿ, ಬಿಳಿ ಹೊಗೆಯಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಅದೂ ಎಕ್ಸಲೇಟರ್ ಸಿಕ್ಕಿಕೊಂಡಿದ್ದೇನಾ?

ಶಿರಸಿ ಗ್ಯಾರೇಜ್

ಇಲ್ಲ, ಅದು ಬೇರೆಯೇ ರೋಗ. ಎಂಜಿನ್ ತನ್ನದೇ ಆಯಿಲ್ ಕುಡಿದು ಓಡುವುದು. ಟರ್ಬೊ ಸೀಲ್ ಹೋಗಿ ಆಯಿಲ್ ಗಾಳಿಯ ದಾರಿಗೆ ಬರುತ್ತದೆ. ಆಯಿಲ್ ಅಳತೆ ಮೀರಿ ತುಂಬಿದರೂ ಬ್ರೀದರ್ (ಎಂಜಿನ್ ಒಳಗಿನ ಆವಿ ಹೋಗುವ ಪೈಪ್) ಮೂಲಕ ಒಳಗೆ ಹೋಗಬಹುದು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಡ, ಉರಿಯುವುದು ಏನು ಸಿಕ್ಕಿದರೂ ಉರಿಸಿಕೊಂಡು ಓಡುತ್ತದೆ. ಕೀ ತಿರುಗಿಸಿದರೆ ಡೀಸೆಲ್ ನಿಲ್ಲುತ್ತದೆ, ಆಯಿಲ್ ನಿಲ್ಲಲ್ಲ. ಗವರ್ನರ್ ಕೂಡ ಏನೂ ಮಾಡಲಾರದು.

ಗುರುತು ಸುಲಭ. ಎಕ್ಸಲೇಟರ್ ಸಿಕ್ಕಿಕೊಂಡಿದ್ದರೆ ಕೀ ಆಫ್ ಮಾಡಿದಾಗ ಎಂಜಿನ್ ನಿಲ್ಲುತ್ತದೆ. ಆಯಿಲ್ ಕುಡಿದಿದ್ದರೆ ನಿಲ್ಲಲ್ಲ, ಹೊಗೆ ವಿಪರೀತ. ಆಗ ಗಾಡಿ ನಿಂತಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿ, ಕಾಲು ಬ್ರೇಕನ್ನೂ ಒತ್ತಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕಟ್ಟಿ ನಿಲ್ಲಿಸಬೇಕು. ಅಥವಾ ಗಾಳಿ ಎಳೆಯುವ ಬಾಯಿಗೆ ಹಲಗೆ ತುಂಡು ಒತ್ತಿ ಹಿಡಿಯಬೇಕು. ಬರಿಗೈ ಇಡಬಾರದು. ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಪಾರ್ಟ್ ಹಾರುವ ಸಾಧ್ಯತೆ ಇರುವುದರಿಂದ ಅಕ್ಕಪಕ್ಕದವರನ್ನು ದೂರ ಕಳಿಸಿ.

ತದಡಿ ಪಿಕಪ್

ಸರ್, ನೀವು ಹೇಳಿದ ಹಾಗೆ ಮಾಡಿದೆ. ಗೋಣಿಚೀಲ ಇತ್ತು, ತೆಗೆದು ಹಾಕಿದೆ, ಅದರಿಂದ ವ್ಯತ್ಯಾಸ ಆಗಲಿಲ್ಲ.

ಕೇಬಲ್ ಬಿಡಿಸಿ ಲಿವರ್ ಎಳೆದು ಬಿಟ್ಟರೆ ಟಕ್ ಅಂತ ಹೊಡೆಯುತ್ತೆ. ಎಂಜಿನ್ ಚಾಲು ಇಟ್ಟು ನೋಡಿದೆ, ಲಿವರ್ ಬಂದ ಕೂಡಲೇ ರೇಸ್ ಇಳಿಯುತ್ತೆ. ಆಮೇಲೆ ಬರೀ ಕೇಬಲ್ ತುದಿ ಹಿಡಿದು ಎಳೆದೆ, ತಮ್ಮ ಒಳಗಿನಿಂದ ಪೆಡಲ್ ಒತ್ತಿ ಬಿಟ್ಟ. ಕೇಬಲ್ ಗರಗರ ಅನ್ನುತ್ತೆ. ಎರಡು ಕಡೆ ಹಿಡಿಯುತ್ತೆ.

ಟಾರ್ಚ್ ಹಾಕಿ ನೋಡಿದರೆ, ಕ್ಯಾಬಿನ್ ಗೋಡೆ ದಾಟಿ ಬರುವ ಕಡೆ ಕೇಬಲ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಬಿಸಿ ಹೊಗೆ ಹೊರಬರುವ ಪೈಪ್) ಹತ್ತಿರ ಜೋತುಬಿದ್ದಿದೆ. ಅಲ್ಲಿ ಕಪ್ಪು ಪ್ಲಾಸ್ಟಿಕ್ ಹೊದಿಕೆ ಕರಗಿ ಮಿರಮಿರ ಹೊಳೆಯುತ್ತಿದೆ. ಒಂದು ಬೆರಳಗಲ ಒಳಗಿನ ಸ್ಪ್ರಿಂಗ್ ತಂತಿ ಕಾಣುತ್ತದೆ, ಪೂರ್ತಿ ತುಕ್ಕು. ಪೆಡಲ್ ತುದಿಯಲ್ಲಿ ಕೇಬಲ್ಲಿನ ಎಳೆಗಳು ಒಂದೆರಡು ಕಡಿದು ಮುಳ್ಳಿನ ಹಾಗೆ ಎದ್ದಿವೆ. ಅವು ಹೊದಿಕೆಯ ಬಾಯಿಗೆ ಸಿಗುತ್ತಿವೆ.

ಶಿರಸಿ ಗ್ಯಾರೇಜ್

ಸಿಕ್ಕಿತಲ್ಲ! ಬಿಸಿಯಾದಾಗ ಜಾಸ್ತಿ ಯಾಕೆ ಅಂತ ಈಗ ಗೊತ್ತಾಯಿತು. ಮ್ಯಾನಿಫೋಲ್ಡ್ ಕಾದಾಗ ಆ ಪ್ಲಾಸ್ಟಿಕ್ ಮೆತ್ತಗಾಗಿ ಒಳಗಿನ ತಂತಿಯನ್ನು ಅಪ್ಪಿಕೊಳ್ಳುತ್ತದೆ. ತಣ್ಣಗಾದರೆ ಬಿಡುತ್ತದೆ. ತಣ್ಣಗಿರುವ ಗಾಡಿಯನ್ನು ಗ್ಯಾರೇಜಿಗೆ ತಂದರೆ ಮೆಕ್ಯಾನಿಕ್‌ಗೆ ಏನೂ ಕಾಣುವುದಿಲ್ಲ, ಪಂಪ್ ಮೇಲೆ ಹೋಗುತ್ತದೆ.

ಕೇಬಲ್ ಹೊಸದೇ ಹಾಕಿ. ಎಳೆ ಕಡಿದ ಕೇಬಲ್ ಮತ್ತೆ ಸರಿಯಾಗುವುದಿಲ್ಲ.

ಸಾಣಿಕಟ್ಟಾ ಉಪ್ಪು

ಹೊಸದು ಯಾಕೆ? ಸೀಮೆಎಣ್ಣೆ ಬಿಟ್ಟು ತುಕ್ಕು ಇಳಿಸಿ, ಗ್ರೀಸ್ ತುಂಬಿದರೆ ಮುಗಿಯಿತು. ನಾವು ಉಪ್ಪು ಸಾಗಿಸುವ ಗಾಡಿಗೆ ಹಾಗೇ ಮಾಡುತ್ತಾ ಬಂದಿದ್ದೇವೆ.

ಕುಮಟಾ ಸ್ಪೇರ್ಸ್

ಅಣ್ಣ, ಹಳೇ ಕಾಲದ ಬರೀ ಕಬ್ಬಿಣದ ಕೇಬಲ್‌ಗೆ ಅದು ನಡೆಯುತ್ತಿತ್ತು. ಈಗ ಬರುವ ಬಹಳ ಕೇಬಲ್‌ಗಳಿಗೆ ಒಳಗೆ ಪ್ಲಾಸ್ಟಿಕ್ ನಳಿಗೆ ಇರುತ್ತದೆ, ನಯವಾಗಿ ಜಾರಲು. ಅದಕ್ಕೆ ದಪ್ಪ ಗ್ರೀಸ್ ಹಾಕಿದರೆ ಧೂಳು ಸೇರಿ ಅಂಟಾಗುತ್ತದೆ. ಒಂದು ವಾರ ಚೆನ್ನಾಗಿರುತ್ತೆ, ಆಮೇಲೆ ಮೊದಲಿಗಿಂತ ಬಿಗಿ.

ನಮ್ಮ ಕರಾವಳಿಯಲ್ಲಿ ಎಕ್ಸಲೇಟರ್, ಕ್ಲಚ್, ಹ್ಯಾಂಡ್‌ಬ್ರೇಕ್ ಕೇಬಲ್ ಘಟ್ಟದ ಮೇಲಿನವರಿಗಿಂತ ಬೇಗ ಹೋಗುತ್ತವೆ. ಮೀನಿನ ಗಾಡಿಗೆ ಇನ್ನೂ ಬೇಗ. ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯಿಂದ ಚಾಸಿಸ್‌ಗೆ ಇಳಿಯುತ್ತೆ, ಸಮುದ್ರದ ಗಾಳಿ ಮೇಲಿಂದ. ಓಡುವ ಗಾಡಿಯ ಕೇಬಲ್ ಆಡುತ್ತಿರುತ್ತೆ, ತುಕ್ಕು ಕೂರಲು ಬಿಡಲ್ಲ. ಮೀನುಗಾರಿಕೆ ಬಂದ್ ಆದ ಎರಡು ತಿಂಗಳು ನಿಂತ ಗಾಡಿಗೆ ಅದು ಚೆನ್ನಾಗಿ ಕೂರುತ್ತೆ. ಆಗಸ್ಟ್ ಬಂದರೆ ನಮ್ಮ ಅಂಗಡಿಗೆ ಕೇಬಲ್ ಕೇಳಿ ಬರುವವರು ಹೆಚ್ಚು ಬಂದರಿನ ಕಡೆಯವರು.

ತದಡಿಯವರೇ, ಹಳೇ ಕೇಬಲ್ ತಂದು ಉದ್ದ ಅಳೆದೇ ತಗೊಳ್ಳಿ. ಎರಡೂ ತುದಿಯ ಗುಂಡು, ನಡುವಿನ ನಟ್, ಎಲ್ಲ ಜೋಡಿಸಿ ನೋಡಿ. ಒಂದೇ ಮಾದರಿಯಲ್ಲೂ ಬೇರೆ ಬೇರೆ ವರ್ಷಕ್ಕೆ ಉದ್ದ ಬೇರೆ ಇರುತ್ತೆ. ಉದ್ದ ಜಾಸ್ತಿ ಆದರೆ ಮತ್ತೆ ಮ್ಯಾನಿಫೋಲ್ಡ್ ಮೇಲೆ ಜೋತುಬೀಳುತ್ತೆ.

ಯಲ್ಲಾಪುರ ಬಿಎಸ್6

ಚರ್ಚೆ ನಡುವೆ ಬಂದೆ, ಕ್ಷಮಿಸಿ. ನನ್ನದು ಹೊಸ ಪಿಕಪ್, ಬಿಎಸ್6 (ಹೊಸ ಹೊಗೆ ನಿಯಮದ ಗಾಡಿ). ನಿಂತಲ್ಲಿ ಒಮ್ಮೊಮ್ಮೆ ರೇಸ್ ತಾನಾಗಿ ಏರುತ್ತೆ, ಸ್ವಲ್ಪ ಹೊತ್ತಿನ ಮೇಲೆ ಇಳಿಯುತ್ತೆ. ನಾನೂ ಕೇಬಲ್ ನೋಡಿಸಬೇಕಾ?

ಶಿರಸಿ ಗ್ಯಾರೇಜ್

ನಿಮ್ಮ ಗಾಡಿಯಲ್ಲಿ ಕೇಬಲ್ಲೇ ಇಲ್ಲ. ಪೆಡಲ್ ಹತ್ತಿರ ಸೆನ್ಸರ್ ಇದೆ, ವೈರಿನಲ್ಲಿ ಕಂಪ್ಯೂಟರ್‌ಗೆ ಹೇಳುತ್ತದೆ. ಡೀಸೆಲ್ ಎಷ್ಟು ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಆ ಪೆಡಲಿನೊಳಗೆ ಸೆನ್ಸರ್ ಎರಡು. ಎರಡರ ಲೆಕ್ಕ ತಾಳೆ ಆಗದಿದ್ದರೆ ಕಂಪ್ಯೂಟರ್ ನಂಬುವುದಿಲ್ಲ, ದೀಪ ಹತ್ತಿಸಿ ಶಕ್ತಿ ಕಡಿಮೆ ಮಾಡಿಬಿಡುತ್ತದೆ. ಹಾಗಾಗಿ ಈ ಗಾಡಿಗಳಲ್ಲಿ ಪೆಡಲ್ ಕೆಟ್ಟರೆ ರೇಸ್ ಏರುವುದಕ್ಕಿಂತ ರೇಸ್ ಬರದೇ ಇರುವುದೇ ಹೆಚ್ಚು.

ತಾನಾಗಿ ಏರಿ ಇಳಿಯುವುದು ಡಿಪಿಎಫ್ ಸುಟ್ಟುಕೊಳ್ಳುವ ಹೊತ್ತು ಇರಬಹುದು. ಸೈಲೆನ್ಸರ್ ದಾರಿಯ ಫಿಲ್ಟರ್‌ನಲ್ಲಿ ಮಸಿ ತುಂಬಿದಾಗ ಅದನ್ನು ಸುಡಲು ಎಂಜಿನ್ ಐಡಲ್ ಏರಿಸಿಕೊಳ್ಳುತ್ತದೆ. ಬಿಸಿ ವಾಸನೆ ಬರುತ್ತದೆ, ಫ್ಯಾನ್ ಜೋರಾಗಿ ತಿರುಗಬಹುದು. ಆಗ ಎಂಜಿನ್ ಬಂದ್ ಮಾಡಬೇಡಿ, ಮುಗಿಯಲಿ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿರಬಾರದು. ದೀಪ ಹತ್ತಿದ್ದರೆ ಸ್ಕ್ಯಾನರ್ ಹಾಕಿಸಿ. ನಿಮ್ಮದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲೆಸಿದರೆ ಓದುವವರಿಗೆ ಗೊಂದಲ.

ತದಡಿ ಪಿಕಪ್

ಕೇಬಲ್ ಹಾಕಿದೆ. ಪೆಡಲ್ ಈಗ ಬೆಣ್ಣೆ! ನಿಂತಲ್ಲಿ ಎಷ್ಟು ರೇಸ್ ಕೊಟ್ಟು ಬಿಟ್ಟರೂ ಕೂಡಲೇ ಇಳಿಯುತ್ತೆ. ಖಾಲಿ ಗಾಡಿ ತಗೊಂಡು ಕತಗಾಲ ದಾಟಿ ಘಟ್ಟದ ಮೊದಲ ತಿರುವುಗಳವರೆಗೆ ಹೋಗಿ ಬಂದೆ. ಕೆಳಗಿನ ರಸ್ತೆಯಲ್ಲಿ ಏನೂ ಇಲ್ಲ. ಏರಿನಲ್ಲಿ ಒಂದನೇ ಗೇರಿನಲ್ಲಿ ಎಳೆದಾಗ ಮಾತ್ರ ಇನ್ನೂ ಸ್ವಲ್ಪ ತಾನೇ ಎಳೆದ ಹಾಗೆ ಇದೆ. ಪೆಡಲ್ ಪೂರ್ತಿ ಮೇಲೇ ಇರುತ್ತೆ.

ಹೊನ್ನಾವರ ಮಂಕಿ

ಹಾಗಿದ್ದರೆ ಪಂಪ್‌ನಲ್ಲೂ ಕೆಲಸ ಇದೆ ಅಂತ ಆಯಿತಲ್ವಾ?

ಶಿರಸಿ ಗ್ಯಾರೇಜ್

ಇಲ್ಲ ಮಾರಾಯ್ರೆ. ಪಂಪ್ ಹಾಳಾಗಿದ್ದರೆ ನಿಂತಲ್ಲೂ ತೋರಿಸಬೇಕಿತ್ತು. ಇದು ಎಳೆತ ಬಿದ್ದಾಗ ಮಾತ್ರ ಬರುತ್ತಿದೆ. ಎಳೆತ ಬಿದ್ದಾಗ ಬದಲಾಗುವುದು ಏನು? ಎಂಜಿನ್ ವಾಲುತ್ತದೆ.

ಕೇಬಲಿನ ಒಂದು ತುದಿ ಕ್ಯಾಬಿನ್ ಗೋಡೆಗೆ, ಇನ್ನೊಂದು ಎಂಜಿನ್ ಮೇಲಿರುವ ಪಂಪಿಗೆ. ಎಂಜಿನ್ ಕೂತಿರುವುದು ರಬ್ಬರ್ ಫೌಂಡೇಶನ್ ಮೇಲೆ. ಆ ರಬ್ಬರ್ ಹರಿದರೆ ಏರಿನಲ್ಲಿ ಎಂಜಿನ್ ಒಂದು ಕಡೆಗೆ ಎದ್ದುಬಿಡುತ್ತದೆ. ಆಗ ಕೇಬಲ್ ತಾನಾಗಿ ಎಳೆಯಲ್ಪಟ್ಟು ಲಿವರ್ ತೆರೆಯುತ್ತದೆ. ರೇಸ್ ಏರಿದ್ದಕ್ಕೆ ಎಂಜಿನ್ ಇನ್ನಷ್ಟು ವಾಲುತ್ತದೆ. ನಿಮ್ಮ ಕಾಲಿಗೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಮೊದಲೇ ಹೇಳಿದ್ದಿರಲ್ಲ, ಪೆಡಲ್ ಮೇಲಿದ್ದರೂ ತಾನೇ ಎಳೆಯುತ್ತದೆ ಅಂತ. ಆಗಲೇ ನನಗೆ ಇದರ ಮೇಲೆ ಅನುಮಾನ ಇತ್ತು.

ನೋಡುವ ಕ್ರಮ ಹೀಗೆ. ಸಮತಟ್ಟಾದ ಜಾಗ. ಬಾನೆಟ್ ತೆರೆದಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿ ಒತ್ತಿ ಹಿಡಿಯಬೇಕು. ಒಂದನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡುತ್ತಾ ಎಂಜಿನ್ ಸ್ವಲ್ಪ ಒದ್ದಾಡುವಷ್ಟು ಬಿಟ್ಟು ಮತ್ತೆ ಒತ್ತಬೇಕು. ಆಮೇಲೆ ರಿವರ್ಸ್‌ನಲ್ಲೂ ಅದೇ. ನೀವು ಗಾಡಿಯ ಬದಿಗೆ ನಿಂತು ನೋಡಿ. ಮುಂದೆಯೂ ನಿಲ್ಲಬೇಡಿ, ಹಿಂದೆಯೂ ನಿಲ್ಲಬೇಡಿ. ಎಂಜಿನ್ ಸ್ವಲ್ಪ ಅಲುಗಿದರೆ ಸಹಜ. ಒಂದು ಕಡೆ ಕಣ್ಣಿಗೆ ಹೊಡೆಯುವ ಹಾಗೆ ಎದ್ದು ಕೂತರೆ ಆ ಬದಿಯ ಫೌಂಡೇಶನ್ ಹೋಗಿದೆ.

ಬೈತಖೋಲ್ ಡ್ರೈವರ್

ಇದು ನನಗೆ ಹೊಸ ವಿಷಯ. ನನ್ನ ಗಾಡಿಯೂ ಲೋಡ್ ಎತ್ತುವಾಗ ಧಡ್ ಅಂತ ಒದೆಯುತ್ತೆ. ನಾಳೆಯೇ ನೋಡುತ್ತೇನೆ.

ಕಾರವಾರ ಕೋಡಿಬಾಗ

ಫೌಂಡೇಶನ್ ರಬ್ಬರ್ ಮೇಲೆ ಡೀಸೆಲ್, ಆಯಿಲ್ ಸೋರುತ್ತಿದ್ದರೆ ಬೇಗ ಹೋಗುತ್ತೆ. ರಬ್ಬರ್ ಉಬ್ಬಿ ಮೆತ್ತಗಾಗಿ ಲೋಹದಿಂದ ಬಿಡುತ್ತೆ. ಹೊಸದು ಹಾಕುವ ಮೊದಲು ಸೋರಿಕೆ ನಿಲ್ಲಿಸಿ.

ತದಡಿ ಪಿಕಪ್

ಸರ್, ಅದೇ ಆಗಿದೆ. ತಮ್ಮ ಕ್ಲಚ್ ಬಿಟ್ಟ ಕೂಡಲೇ ಎಡಬದಿ ಎಂಜಿನ್ ಎದ್ದಿತು, ಕೇಬಲ್ ಬಿಗಿಯಾಗಿ ಪಂಪಿನ ಲಿವರ್ ಐಡಲ್ ಸ್ಕ್ರೂ ಬಿಟ್ಟು ಮುಂದೆ ಬಂದಿದ್ದು ಕಣ್ಣಾರೆ ನೋಡಿದೆ. ಕೆಳಗೆ ಮಲಗಿ ನೋಡಿದರೆ ರಬ್ಬರ್ ಎರಡು ತುಂಡು. ಮೇಲಿನ ಡೀಸೆಲ್ ಪೈಪಿನ ಜಾಯಿಂಟ್ ಜಿನುಗಿ ರಬ್ಬರ್ ಪೂರ್ತಿ ಒದ್ದೆ.

ಎರಡೂ ಬದಿ ಫೌಂಡೇಶನ್ ಹೊಸದು ಹಾಕಿಸಿದೆ. ಜಾಯಿಂಟಿನ ವಾಷರ್ ಬದಲಿಸಿದೆ. ಒಂದು ಸಂದೇಹ: ಕೇಬಲ್ ಎಷ್ಟು ಸಡಿಲ ಇರಬೇಕು?

ಶಿರಸಿ ಗ್ಯಾರೇಜ್

ಎರಡೂ ಬದಿ ಹಾಕಿಸಿದ್ದು ಒಳ್ಳೆಯದಾಯಿತು. ಒಂದೇ ಹೊಸದಾದರೆ ಹಳೆಯದು ಬೇಗ ಕೂರುತ್ತದೆ.

ಕಾಲು ತೆಗೆದಾಗ ಲಿವರ್ ಐಡಲ್ ಸ್ಕ್ರೂಗೆ ತಾಗಿರಬೇಕು. ಕೇಬಲ್‌ನಲ್ಲಿ ಒಂದೆರಡು ಮಿಲಿಮೀಟರ್ ಆಟ ಇರಲಿ. ಆಮೇಲೆ ಪೆಡಲ್ ಪೂರ್ತಿ ಒತ್ತಿಸಿ, ಲಿವರ್ ಇನ್ನೊಂದು ಕೊನೆಯ ಸ್ಕ್ರೂಗೆ ಹೋಗಿ ತಾಗುತ್ತಾ ನೋಡಿ. ತಾಗದಿದ್ದರೆ ಘಟ್ಟದಲ್ಲಿ ಪೂರ್ತಿ ಶಕ್ತಿ ಸಿಗಲ್ಲ. ತಾಗಿದ ಮೇಲೂ ಪೆಡಲ್ ಕೆಳಗೆ ಹೋಗುತ್ತಿದ್ದರೆ ನಿಮ್ಮ ಕಾಲಿನ ಭಾರವೆಲ್ಲ ಕೇಬಲ್ ಮೇಲೆ ಬಿದ್ದು ಎಳೆ ಕಡಿಯುತ್ತದೆ. ಪೆಡಲ್ ಕೆಳಗೆ ತಡೆಯುವ ಬೋಲ್ಟ್ ಇದ್ದರೆ ಅದನ್ನು ಹೊಂದಿಸಿ, ಆ ಭಾರ ಬೋಲ್ಟ್ ತಗೊಳ್ಳಲಿ.

ಕೇಬಲ್ ಮ್ಯಾನಿಫೋಲ್ಡ್‌ನಿಂದ ಒಂದು ಗೇಣಾದರೂ ದೂರ ಇರಲಿ. ಅಲ್ಲಿ ಇದ್ದ ಕ್ಲಿಪ್ ಬಿದ್ದುಹೋಗಿರುತ್ತದೆ, ಹೊಸದು ಹಾಕಿ. ಪ್ಲಾಸ್ಟಿಕ್ ಟೈ ಬಿಸಿಗೆ ನಿಲ್ಲಲ್ಲ, ಲೋಹದ ಕ್ಲಿಪ್ಪೇ ಬೇಕು. ಬಿಗಿಯಾಗಿ ಮಡಚಬೇಡಿ, ಅಗಲ ತಿರುವು ಕೊಡಿ.

ಐಡಲ್ ಯಾರಾದರೂ ಏರಿಸಿಟ್ಟಿದ್ದಾರಾ ನೋಡಿ. ಈ ತರಹದ ತೊಂದರೆಯಲ್ಲಿ ಸ್ಕ್ರೂ ತಿರುಗಿಸಿ ನೋಡುವವರು ಜಾಸ್ತಿ. ಎಂಜಿನ್ ಬಿಸಿಯಾದ ಮೇಲೆ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ತನ್ನಿ.

ತದಡಿ ಪಿಕಪ್

ಹೌದು, ಐಡಲ್ ಏರಿಸಿಟ್ಟಿದ್ದರು. ಸರಿ ಮಾಡಿದೆ. ಲೋಡ್ ಹಾಕಿ ಘಟ್ಟ ಹತ್ತಿ ಶಿರಸಿ ಮಾರ್ಕೆಟ್‌ವರೆಗೆ ಹೋಗಿ ಬಂದೆ. ಗೇರ್ ಬದಲಿಸುವಾಗ ಕೂಗು ಇಲ್ಲ, ಏರಿನಲ್ಲಿ ಕಾಲು ತೆಗೆದ ಕೂಡಲೇ ಎಂಜಿನ್ ಹಿಡಿದುಕೊಳ್ಳುತ್ತದೆ. ಪಂಪಿಗೆ ಒಂದು ಪಾನಾ ಕೂಡ ಹಾಕಿಲ್ಲ. ಎಲ್ಲರಿಗೂ ತುಂಬಾ ಉಪಕಾರ ಆಯಿತು.

ಕುಮಟಾ ಸ್ಪೇರ್ಸ್

ಮುಂದಿನ ಬಂದ್‌ಗೆ ಗಾಡಿ ನಿಲ್ಲಿಸುವ ಮೊದಲು ಚಾಸಿಸ್ ಮತ್ತು ಪೆಡಲ್ ಬುಡ ಸಿಹಿನೀರಲ್ಲಿ ತೊಳೆದು ಒಣಗಿಸಿ. ಪೆಡಲಿನ ಪಿನ್ನಿಗೆ ಎರಡು ಹನಿ ಆಯಿಲ್ ಬಿಡಿ, ಕೇಬಲ್ ಒಳಗೆ ಬೇಡ. ವಾರಕ್ಕೊಮ್ಮೆ ಎಂಜಿನ್ ಚಾಲು ಮಾಡಿ ಎಕ್ಸಲೇಟರ್, ಕ್ಲಚ್ ಎರಡನ್ನೂ ಆಡಿಸಿ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟು ಹೋಗಬೇಡಿ, ಉಪ್ಪುಗಾಳಿಗೆ ಅದು ಎಳೆದಲ್ಲೇ ಹಿಡಿದುಕೊಳ್ಳುತ್ತೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಸಾಣಿಕಟ್ಟಾ ಉಪ್ಪು

ನಮ್ಮ ಗಾಡಿಯ ಕೇಬಲ್ ಬಿಡಿಸಿ ನೋಡಿದೆ. ಲಿವರ್ ಟಕ್ ಅನ್ನುತ್ತೆ, ಕೇಬಲ್ ಅಂಟು. ಒಳಗೆ ಪ್ಲಾಸ್ಟಿಕ್ ನಳಿಗೆ ಇದ್ದದ್ದೇ. ಹಳೇ ಕೇಬಲ್ ಹಿಡಿದು ನಾಳೆ ಕುಮಟಾಕ್ಕೆ ಬರುತ್ತೇನೆ, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತೀರಿ?

ಕುಮಟಾ ಸ್ಪೇರ್ಸ್

ಒಂಬತ್ತು ಗಂಟೆಗೆ ಬನ್ನಿ ಅಣ್ಣ. ಪೆಡಲ್ ತುದಿಯ ಪ್ಲಾಸ್ಟಿಕ್ ಬುಶ್ ಕೂಡ ಬಿಚ್ಚಿ ತನ್ನಿ, ಅದೂ ಸವೆದಿರುತ್ತೆ.